ಎಂಜಿನ್ ಆಮೇಲೆ, ಮೊದಲು ಹಳಿ ನೋಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಮನೆಯೊಳಗೆ ಮಾದರಿ ರೈಲು ಓಡಿಸುವ ಹವ್ಯಾಸದ ಬಗ್ಗೆ ಒಂದು ಪುಟ ಬಂದಿತ್ತು. ಓದಿ ಖುಷಿಯಾಯಿತು, ಕನ್ನಡ ಪೇಪರಿನಲ್ಲಿ ಇದರ ಸುದ್ದಿ ಬರುವುದೇ ಅಪರೂಪ. ಆದರೆ ಪುಟ ತುಂಬ ಎಂಜಿನ್ನು, ಬೋಗಿ, ಬಣ್ಣ. ಹಳಿಯ ಬಗ್ಗೆ ಇದ್ದದ್ದು ಒಂದೇ ಸಾಲು: ಸೆಟ್ಟಿನ ಜೊತೆ ಬಂದದ್ದು ಹೊಸಬರಿಗೆ ಸಾಕು ಅಂತ. ಸಾಕಾಗುವುದಿಲ್ಲ ಸ್ವಾಮಿ, ಕುಂಬಳೆಯಲ್ಲಂತೂ ಸಾಕಾಗುವುದಿಲ್ಲ.

2023ರ ಸೆಪ್ಟೆಂಬರಿನಲ್ಲಿ ಕಾಸರಗೋಡಿನಿಂದ ಕಿತ್ತಳೆ ಬಣ್ಣದ ವಂದೇ ಭಾರತ್ ಹೊರಟದ್ದೇ ಹೊರಟದ್ದು, ಅಕ್ಕನ ಮಗನಿಗೆ ರೈಲಿನ ಹುಚ್ಚು ಹಿಡಿಯಿತು. ಭಾವ ಗಲ್ಫಿನಿಂದ ಬರುವಾಗ ಒಂದು ಸೆಟ್ಟು ತಂದರು. ಚಂದದ ಎಂಜಿನ್, ನಾಲ್ಕು ಬೋಗಿ, ಒಂದು ಸುತ್ತು ಹಳಿ. ಬೇಸಿಗೆಯಿಡೀ ಜಗಲಿಯಲ್ಲಿ ಓಡಿತು. ನಮ್ಮ ಮನೆಯಿಂದ ಕಡಲು ದೂರವಿಲ್ಲ, ಆಟಿ ತಿಂಗಳಲ್ಲಿ ಪುಸ್ತಕದ ರಟ್ಟಿಗೂ ಬೂಷ್ಟು ಬರುವ ಜಾಗ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಹಳಿಯ ಮೇಲೆ ಕೆಂಪು ತುಕ್ಕು. ಎಂಜಿನ್ ಎರಡಡಿ ಹೋಗುವುದು, ನಿಲ್ಲುವುದು, ಬೆರಳಲ್ಲಿ ದೂಡಿದರೆ ಮತ್ತೆ ಎರಡಡಿ. ಅಮ್ಮ ತುಕ್ಕಿಗೆ ಔಷಧಿ ಅಂತ ತೆಂಗಿನೆಣ್ಣೆ ಸವರಿದರು. ಆಮೇಲೆ ಚಕ್ರ ನಿಂತಲ್ಲೇ ತಿರುಗುವುದೂ ಶುರುವಾಯಿತು, ಜಗಲಿಯ ಧೂಳೆಲ್ಲ ಬಂದು ಅಂಟಿತು. ಅಳಿಯ ಮುಖ ಊದಿಸಿಕೊಂಡು ಕೂತ. ತಪ್ಪು ಯಾರದ್ದೂ ಅಲ್ಲ, ಪೆಟ್ಟಿಗೆಯ ಮೇಲೆ ಸ್ಟೀಲ್ ಹಳಿ ಅಂತ ಬರೆದದ್ದನ್ನು ನಾನೇ ಓದಿರಲಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ರೈಲಿಗೆ ಕರೆಂಟು ಹೋಗುವುದೇ ಹಳಿಯ ಮೂಲಕ. ಒಂದು ಹಳಿಯಿಂದ ಬಂದು, ಚಕ್ರ ಹತ್ತಿ, ಮೋಟರ್ ತಿರುಗಿಸಿ, ಇನ್ನೊಂದು ಹಳಿಯಲ್ಲಿ ವಾಪಸು, ಅದೂ ಬರೇ 12 ವೋಲ್ಟ್. ಹಾಗಾಗಿ ಹಳಿ ಅಂದರೆ ರಸ್ತೆ ಮಾತ್ರ ಅಲ್ಲ, ವಯರೂ ಹೌದು. ತುಕ್ಕು ಹಿಡಿದ ವಯರಿನಲ್ಲಿ ಎಷ್ಟು ಬೆಲೆಯ ಎಂಜಿನ್ ಇಟ್ಟರೇನು?

ಅದಕ್ಕೇ ಕಡಲ ಬದಿಯವರು ತೆಗೆದುಕೊಳ್ಳಬೇಕಾದದ್ದು ನಿಕ್ಕಲ್ ಸಿಲ್ವರ್ ಹಳಿ. ಹೆಸರಲ್ಲಿ ಬೆಳ್ಳಿ ಇದೆ, ಒಳಗೆ ಚೂರೂ ಇಲ್ಲ, ತಾಮ್ರ, ನಿಕ್ಕಲ್, ಸತುವು ಸೇರಿದ ಲೋಹ ಅಷ್ಟೆ. ಮಸುಕಾಗುತ್ತದೆ, ಆದರೆ ಕೆಂಪು ತುಕ್ಕು ಬರುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಓಡುತ್ತದೆ. ಉಪ್ಪುಕಾಗದದಲ್ಲಿ ಮಾತ್ರ ಉಜ್ಜಬೇಡಿ, ಗೀರು ಬಿದ್ದು ಆ ಗೀರಿನಲ್ಲೇ ಕೊಳೆ ಕೂರುತ್ತದೆ. ಹಳೆಯ ಹಳಿ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಒಂದು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಹಳಿಗೆ ಕಚ್ಚಿತೋ, ಅದು ಸ್ಟೀಲ್, ಚಾ ಕುಡಿದು ವಾಪಸು ಬನ್ನಿ.

ಎರಡನೆಯದ್ದು ಅಳತೆ. ಎಚ್‌ಒ ಅನ್ನುವ ಅಳತೆ ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಎರಡು ಹಳಿಗಳ ನಡುವಿನ ಅಗಲ 16.5 ಮಿ.ಮೀ. ಎನ್ ಅನ್ನುವ ಅಳತೆ ಅಂದರೆ 160ರಲ್ಲಿ ಒಂದು ಪಾಲು, 9 ಮಿ.ಮೀ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಎಚ್‌ಒ ಲೆಕ್ಕದಲ್ಲಿ 19ರ ಮೇಲೆ ಬೇಕು ಅಂತ ತಕರಾರು ಮಾಡುವವರಿದ್ದಾರೆ. ಇರಲಿ, ಸ್ಟೇಷನ್ ಮಾಸ್ಟರ್ ಟೇಪು ಹಿಡಿದುಕೊಂಡು ನಮ್ಮ ಜಗಲಿಗೆ ಬರುವುದಿಲ್ಲ, ಅಲ್ವಾ?

ತಿರುವಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಸೆಟ್ಟಿನಲ್ಲಿ ಬರುವ ತಿರುವು ಸಾಮಾನ್ಯವಾಗಿ ಬಹಳ ಬಿಗಿ, ಕೆಲವು ಕಂಪನಿಗಳ ಒಂದನೇ ರೇಡಿಯಸ್ ಅನ್ನುವುದು 371 ಮಿ.ಮೀ. ಈಗಿನ ಎಲ್‌ಎಚ್‌ಬಿ ಅನ್ನುವ ಉದ್ದ ಬೋಗಿಯ ಎಚ್‌ಒ ಮಾದರಿ 27 ಸೆಂಟಿಮೀಟರ್ ಉದ್ದ. ಅದು ಆ ತಿರುವಿನಲ್ಲಿ ಹೋಗುವುದು ನೋಡಿದರೆ ನಮ್ಮ ಒಳರಸ್ತೆಯಲ್ಲಿ ಟೂರಿಸ್ಟ್ ಬಸ್ಸು ಸಿಕ್ಕಿಕೊಂಡ ಹಾಗೆ ಕಾಣುತ್ತದೆ. 8x4 ಅಡಿಯ ಪ್ಲೈವುಡ್ ಹಲಗೆಯಲ್ಲಿ 22 ಇಂಚಿನ ರೇಡಿಯಸ್ ಸರಿಯಾಗಿ ಕೂರುತ್ತದೆ, ಅಂಚಿಗೆ ಎರಡೆರಡು ಇಂಚು ಉಳಿಯುತ್ತದೆ. ಹಲಗೆ ಗೋಡೆಗೆ ಒತ್ತಿ ಇಡಬೇಡಿ, ಆಚೆ ಬದಿಯಲ್ಲಿ ಬಿದ್ದ ಬೋಗಿ ಎತ್ತಲು ಕೈ ಎಟಕುವುದಿಲ್ಲ. ಅಷ್ಟು ಜಾಗ ಇಲ್ಲದಿದ್ದರೆ ಎನ್ ಒಳ್ಳೆಯದು. ಕ್ಯಾಟೋ ಕಂಪನಿಯ ಯೂನಿಟ್ರ್ಯಾಕ್ ಹಳಿಯಲ್ಲಿ 282 ಮಿ.ಮೀ. ತಿರುವು ಎರಡಡಿ ಅಗಲದಲ್ಲಿ ಮುಗಿಯುತ್ತದೆ. ನಾನು ಈಗ ಮಾಡಿರುವುದು ಅದನ್ನೇ. ಅಟ್ಟದಲ್ಲಿದ್ದ ಹಲಸಿನ ಮರದ ಹಳೆಯ ಬಾಗಿಲಿನ ಮೇಲೆ. ಗೆದ್ದಲು ಮುಟ್ಟಿಲ್ಲ.

ಕಂಪನಿ ಯಾವುದೇ ಇರಲಿ, ಒಂದನ್ನೇ ಹಿಡಿದುಕೊಳ್ಳಿ. ಒಬ್ಬರ ಜೋಡಣೆ ಇನ್ನೊಬ್ಬರದ್ದಕ್ಕೆ ನೇರ ಕೂರುವುದಿಲ್ಲ, ಹಳಿಯ ಎತ್ತರವೂ ಬೇರೆ ಬೇರೆ. ಕೋಡ್ 100 ಅಂದರೆ 2.54 ಮಿ.ಮೀ. ಎತ್ತರ, ಕೋಡ್ 83 ಅದಕ್ಕಿಂತ ಗಿಡ್ಡ, ನೋಡಲು ಚಂದ. ಹೊಸಬರಿಗೆ ತುಂಡು ತುಂಡಾಗಿ ಜೋಡಿಸುವ, ತಳವೂ ಸೇರಿದ ಹಳಿಯೇ ಸಾಕು. ಮಕ್ಕಳು ಇವತ್ತು ಹಾಕಿ ನಾಳೆ ಬಿಚ್ಚುತ್ತಾರೆ. ಬಾಗಿಸುವ ಉದ್ದ ಹಳಿ ಗರಗಸ, ಅರ ಎಲ್ಲ ಕೇಳುತ್ತದೆ, ಅದು ಎರಡನೇ ವರ್ಷದ ಕೆಲಸ.

ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಎರಡು ಸಾಕು. ಅದರಲ್ಲಿ ಹಳಿ ಕೂಡುವ ಮೂಲೆಗೆ ಇಂಗ್ಲಿಷಿನವರು ಕಪ್ಪೆ ಅಂತ ಯಾಕೆ ಹೆಸರಿಟ್ಟರೋ, ನಮ್ಮ ರೈಲ್ವೆಯವರು ಕ್ರಾಸಿಂಗ್ ಅನ್ನುತ್ತಾರೆ. ಆ ಮೂಲೆ ಪ್ಲಾಸ್ಟಿಕ್ಕಿನದ್ದಾದರೆ ಸಣ್ಣ ಎಂಜಿನ್ ನಿಧಾನ ಹೋಗುವಾಗ ಕರೆಂಟು ಸಿಗದೆ ಅಲ್ಲೇ ನಿಲ್ಲುತ್ತದೆ, ಲೋಹದ್ದಾದರೆ ವಯರಿಂಗ್ ಸ್ವಲ್ಪ ಜಾಸ್ತಿ.

ಇಷ್ಟೆಲ್ಲ ಹೇಳಲು ಕಾರಣ ದುಡ್ಡು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ತಪ್ಪು ಹಳಿ ಒಮ್ಮೆ ತಂದರೆ ಎರಡು ಸಲ ಕೊಟ್ಟ ಹಾಗೆ. ನಾನು ಕೊಟ್ಟಾಗಿದೆ. ಮುಂದಿನ ಪುರವಣಿಯಲ್ಲಿ ಈ ವಿಷಯಕ್ಕೆ ಕಾಲು ಪುಟ ಕೊಡಿ, ಜೊತೆಗೆ ಆ ಅಯಸ್ಕಾಂತದ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿ.

– ಒಬ್ಬ ಓದುಗ, ಕುಂಬಳೆ