ಮಷೀನು ಬಂತು, ಕೆಲಸ ನಮ್ಮ ತಲೆಗೆ ಬಂತು

ಸಂಪಾದಕರಿಗೆ,

ನಮ್ಮ ಬಡಾವಣೆಯ ಬ್ಯಾಂಕ್ ಶಾಖೆ 'ಪೂರ್ತಿ ಡಿಜಿಟಲ್' ಆದ ಸುದ್ದಿಯನ್ನು ಸೋಮವಾರ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ರಿಬ್ಬನ್ ಕತ್ತರಿಸುವ ಫೋಟೋ ಚೆನ್ನಾಗಿ ಬಂದಿದೆ. ಅದರಲ್ಲಿ ನಗುತ್ತಾ ನಿಂತವರಲ್ಲಿ ಒಬ್ಬರಾದರೂ ಮಂಗಳವಾರ ಅಲ್ಲಿ ಇರಬೇಕಿತ್ತು. ನಾನಿದ್ದೆ. ಬೆಳಿಗ್ಗೆ ಹತ್ತೂಕಾಲಿಗೆ ಒಳಗೆ ಹೋದವನು ಹೊರಗೆ ಬಂದದ್ದು ಮಧ್ಯಾಹ್ನ ಎರಡೂವರೆಗೆ.

ಹೋಗಿದ್ದು ಎರಡೇ ಕೆಲಸಕ್ಕೆ. ಪಾಸ್‌ಬುಕ್ ಎಂಟ್ರಿ, ಪಿಂಚಣಿಯ ಲೈಫ್ ಸರ್ಟಿಫಿಕೇಟು, ಅಂದರೆ ನಾನಿನ್ನೂ ಬದುಕಿದ್ದೇನೆ ಅನ್ನೋದಕ್ಕೆ ಪತ್ರ. ಮೊದಲು ಇವೆರಡೂ ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದವು. ಈಗ ಬಾಗಿಲಲ್ಲೇ ಟೋಕನ್ ಮಷೀನು. ಟೋಕನ್ ಸಿಕ್ಕಿತು, ಆದರೆ ಟೋಕನ್ ಕರೆಯುವ ಕೌಂಟರನ್ನೇ ಎತ್ತಿಬಿಟ್ಟಿದ್ದಾರೆ! ಪಾಸ್‌ಬುಕ್ಕನ್ನು ಮಷೀನಿಗೆ ತುರುಕಿದರೆ ಮೂರು ಸಲ ಉಗುಳಿತು. ಬಾರ್‌ಕೋಡ್ ಚೀಟಿ ಸವೆದಿದೆಯಂತೆ. ಹೊಸ ಚೀಟಿ ಯಾರು ಕೊಡ್ತಾರೆ ಅಂದರೆ, ಕೌಂಟರಿನವರಂತೆ.

ಆಮೇಲೆ ಲೈಫ್ ಸರ್ಟಿಫಿಕೇಟಿಗೆ ಬೆರಳಚ್ಚು. ಇಪ್ಪತ್ತೆರಡು ವರ್ಷ ಮಿಲ್ಲಿನಲ್ಲಿ ನೂಲು ತೆಗೆಯುವ ರಿಂಗ್ ಫ್ರೇಮಿನ ಮುಂದೆ ನಿಂತು, ತುಂಡಾದ ಎಳೆ ಸೇರಿಸಿ ಸೇರಿಸಿ ಸವೆದ ಬೆರಳುಗಳು ಇವು. ಗೆರೆ ಎಲ್ಲಿಂದ ಬರಬೇಕು? "ಗಟ್ಟಿಯಾಗಿ ಒತ್ರಿ ಅಜ್ಜಾ" ಅಂದ ಅಲ್ಲಿದ್ದ ಹುಡುಗ. ಒತ್ತಿದೆ. ಆಗಲಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಅಂದ. ಮುಖ ತೋರಿಸಿದರೆ ಕಣ್ಣು ಮಿಟುಕಿಸಿ ಅಂತ ಬಂತು. ಪೊರೆ ತೆಗೆಸಿದ ಕಣ್ಣು, ಈ ವಯಸ್ಸಿನಲ್ಲಿ, ನಾಲ್ಕು ಜನರ ಮುಂದೆ! ಹಿಂದೆ ನಿಂತಿದ್ದ ಹೆಣ್ಣುಮಕ್ಕಳು ನಕ್ಕರು. ಇಷ್ಟೆಲ್ಲ ಯಾವ ದೊಡ್ಡ ದುಡ್ಡಿಗೆ? ಸಾವಿರದ ಚಿಲ್ಲರೆ ಪಿಂಚಣಿಗೆ. ಪಿ.ಎಫ್. ಪಿಂಚಣಿ ಕನಿಷ್ಠ 1000 ರೂಪಾಯಿ ಅಂತ 2014ರಲ್ಲಿ ಮಾಡಿದ್ದು, ಆವತ್ತಿನಿಂದ ಅಲ್ಲೇ ಕೂತಿದೆ. ಅದಕ್ಕೆ ಮಾತ್ರ ಯಾವ ಅಪ್‌ಡೇಟೂ ಬರಲ್ಲ.

ಮಷೀನು ಬಂದರೆ ಕೆಲಸ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಎಲ್ಲಿ ಹೋಗಿದೆ ಸ್ವಾಮಿ? ಗುಮಾಸ್ತರು ಮಾಡುತ್ತಿದ್ದ ಕೆಲಸವನ್ನೇ ಅವತ್ತು ನಾನು ನಿಂತುಕೊಂಡು ಮಾಡಿದ್ದು. ನಂಬರ್ ಒತ್ತಿದ್ದು ನಾನು, ಪುಟ ತಿರುವಿದ್ದು ನಾನು, ತಪ್ಪಾದರೆ ಬೈಸಿಕೊಂಡಿದ್ದೂ ನಾನೇ. ಸಂಬಳ ಇಲ್ಲ ಅಷ್ಟೇ. ಮಷೀನಿನ ಪಕ್ಕ ನಿಂತಿದ್ದ ಆ ಹುಡುಗನಾದರೂ ಬ್ಯಾಂಕಿನವನಾ? ಅಲ್ಲ, ಯಾವುದೋ ಏಜೆನ್ಸಿಯ ಕಾಂಟ್ರಾಕ್ಟು. ಬಿ.ಕಾಂ. ಓದಿದ್ದಾನಂತೆ. ಮೊದಲಾಗಿದ್ದರೆ ಅವನು ಗಾಜಿನ ಆಚೆ ಕೂತಿರುತ್ತಿದ್ದ.

ನಮ್ಮ ಊರಿಗೆ ಇದು ಹೊಸದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಣ್ಣಾರೆ ಕಂಡವರು ನಾವು. ಆಗ ಬದಲಿ ಕಾರ್ಮಿಕರು ಬೆಳಿಗ್ಗೆ ಗೇಟಿನಲ್ಲಿ ನಿಂತು, ಇವತ್ತು ಕರೀತಾರಾ ಇಲ್ವಾ ಅಂತ ಕಾಯುತ್ತಿದ್ದರು. ಈಗ ನನ್ನ ಮೊಮ್ಮಗ ಊಟ ಡೆಲಿವರಿ ಮಾಡ್ತಾನೆ. ಬೈಕಿನ ಮೇಲೆ ಕೂತು, ಮೊಬೈಲ್ ಯಾವಾಗ ಕೂಗುತ್ತೆ ಅಂತ ಕಾಯುತ್ತಾನೆ. ಗೇಟು ಜೇಬಿಗೆ ಬಂದಿದೆ. ಇಂಥವರಿಗಾಗಿ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ಮಾಡಿದೆ, ಒಳ್ಳೆಯದೇ. ಹುಡುಗರಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು, ತೆಗೆಯುವ ಮುಂಚೆ 14 ದಿನದ ನೋಟಿಸ್ ಕೊಡಬೇಕು. ನಮಗಂತೂ ಗೇಟಿನ ಬೀಗವೇ ನೋಟಿಸು. ಆದರೆ ಮೊಮ್ಮಗನನ್ನು ಕೇಳಿದರೆ "ಅದೆಲ್ಲಾ ನಂಗೊತ್ತಿಲ್ಲ ತಾತಾ, ಆರ್ಡರ್ ಬಂತು" ಅಂತ ಹೊರಟೇಬಿಟ್ಟ.

ಅಧಿಕಾರಿಗಳಿಗೆ ಫೋಟೋ ಸಿಕ್ಕರೆ ಸಾಕು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ನಮ್ಮ ಊರು ಬಂದಾಗ ಪೇಡೆ ಹಂಚಿದ ದಡ್ಡ ನಾನು. 2012ರಲ್ಲಿ 'ಸಕಾಲ' ಬಂದಾಗಲೂ ಹೀಗೇ ಖುಷಿಪಟ್ಟಿದ್ದೆ, ಇಂತಿಷ್ಟು ದಿನದಲ್ಲಿ ಕೆಲಸ ಆಗುತ್ತೆ ಅಂತ. ಆಮೇಲೆ ಒಂದು ಕಾಗದಕ್ಕೆ ಹೋದರೆ 'ಸರ್ವರ್ ಡೌನ್'. ಸರ್ವರ್ ಅನ್ನೋನು ಯಾರು, ಯಾವಾಗ ಏಳ್ತಾನೆ ಅಂತ ನನ್ನ ಹೆಂಡತಿ ಕೇಳಿದ್ದಳು. ಅಶೋಕ ರಸ್ತೆಯ ರೈಲ್ವೆ ಗೇಟಿನ ಬಗ್ಗೆ ನಾನು ಬರೆದ ಅರ್ಜಿಗಳೇ ಒಂದು ಚೀಲ ಆಗುತ್ತವೆ. ಅದು ಬೇರೆ ವಿಷಯ, ಇರಲಿ.

ಬ್ಯಾಂಕಿನವರು ಸುಮ್ನೆ ಒಂದು ಕೌಂಟರ್ ವಾಪಸ್ ತೆರೆಯಲಿ. ಆಗಲ್ಲ ಅಂದರೆ ನನ್ನ ನಾಲ್ಕೂಕಾಲು ಗಂಟೆಯ ಕೂಲಿ ಕೊಡಲಿ. ಅದೂ ಆಗದಿದ್ದರೆ ಆ ಹುಡುಗನನ್ನಾದರೂ ಕಾಯಂ ಮಾಡಲಿ. ಸಂಬಂಧಪಟ್ಟವರು ಗಮನ ಹರಿಸಬೇಕು ಅಂತ ಬರೆಯುವುದು ವಾಡಿಕೆ. ಸಂಬಂಧಪಟ್ಟವರು ಯಾರು ಅಂತ ಮ್ಯಾನೇಜರನ್ನು ಕೇಳಿದರೆ ಗೋಡೆಯ ಮೇಲಿನ ಟೋಲ್‌ಫ್ರೀ ನಂಬರ್ ತೋರಿಸಿದರು. ಯಾರೇ ಆಗಿರಲಿ, ಸ್ವಲ್ಪ ನಾಚಿಕೆ ಪಡಲಿ.

ಪಾಸ್‌ಬುಕ್ ಎಂಟ್ರಿ ಇನ್ನೂ ಆಗಿಲ್ಲ.

— ನಿವೃತ್ತ ಮಿಲ್ ಕಾರ್ಮಿಕ, ದಾವಣಗೆರೆ