ಬೆಂಗಳೂರಲ್ಲಿ ಕಟ್ಟಿದ ವ್ಯಾನು, ಸ್ಪಿತಿಯ ಚಳಿ

ಮಾನ್ಯರೇ,

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಕ್ಯಾಂಪರ್‌ವ್ಯಾನುಗಳೂ ಹಿಮ ನೋಡಲು ಉತ್ತರಕ್ಕೆ ಹೊರಡುತ್ತವೆ. 2020ರ ಅಕ್ಟೋಬರ್‌ನಲ್ಲಿ ಹಿಮಾಚಲದ ಅಟಲ್ ಸುರಂಗ ತೆರೆದ ಮೇಲೆ, ರೋಹ್ತಾಂಗ್ ಘಾಟಿ ಮುಚ್ಚಿದ್ದರೂ ಸಿಸ್ಸು, ಕೇಲಾಂಗ್‌ವರೆಗೆ ಹೋಗಬಹುದು. ಕಿನ್ನೌರ್ ದಾರಿ ಹಿಡಿದು ಸ್ಪಿತಿ ಕಣಿವೆಯ ಕಾಜಾ ತಲುಪುವವರೂ ಇದ್ದಾರೆ. ಅಲ್ಲಿ ಜನವರಿಯ ರಾತ್ರಿ −20 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಬೀದರ್, ವಿಜಯಪುರದ ಕಡುಚಳಿಯೂ ಸೊನ್ನೆಯ ಮೇಲೆಯೇ ನಿಲ್ಲುವ ನಮ್ಮ ನಾಡಿನಲ್ಲಿ ಇಂಥ ಚಳಿಗೆ ವ್ಯಾನನ್ನು ಒಡ್ಡಿ ನೋಡಲು ಜಾಗವೇ ಇಲ್ಲ. ಆದ್ದರಿಂದ ವ್ಯಾನ್ ಕಟ್ಟುವವರು, ಬಾಡಿಗೆಗೆ ಕೊಡುವವರು ‘ಈ ವಾಹನ ಇಷ್ಟು ಡಿಗ್ರಿವರೆಗೆ’ ಎಂದು ಕರಾರಿನಲ್ಲೇ ಬರೆದುಕೊಡಬೇಕು. ಹಾಸಿಗೆಯ ಅಳತೆ, ಟಿವಿಯ ಇಂಚು ಬರೆಯುವವರಿಗೆ ಇದೇನು ಕಷ್ಟವಲ್ಲ.

ಮೊದಲು ರೇಡಿಯೇಟರ್. ಇಲ್ಲಿನ ಗ್ಯಾರೇಜುಗಳಲ್ಲಿ ಮಟ್ಟ ಇಳಿದಾಗಲೆಲ್ಲ ನಲ್ಲಿ ನೀರು ಸುರಿದು ಕೂಲೆಂಟ್ ತೆಳ್ಳಗಾಗಿರುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಎಂಜಿನ್ ಬ್ಲಾಕ್ ಸೀಳಲು ಅಷ್ಟು ಸಾಕು. ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಇದ್ದರೆ −35 ಡಿಗ್ರಿ ದಾಟುವವರೆಗೂ ಭಯವಿಲ್ಲ. ಹಾಗೆಂದು ಬರೀ ಗ್ಲೈಕಾಲ್ ತುಂಬಿಸಬೇಡಿ. ನೀರು ಬೆರೆಸದ ಗ್ಲೈಕಾಲ್ −13 ಡಿಗ್ರಿಗೇ ಗಟ್ಟಿಯಾಗುತ್ತದೆ! ಗಾಜು ಒರೆಸುವ ವೈಪರ್ ನೀರಿನ ಡಬ್ಬಿಯನ್ನೂ ಮರೆಯಬೇಡಿ.

ಡೀಸೆಲ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಚಳಿಗೆ ಡೀಸೆಲ್‌ನಲ್ಲಿರುವ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ದೊಡ್ಡ ಟ್ಯಾಂಕಿನಲ್ಲಿದ್ದ ನಮ್ಮೂರ ಡೀಸೆಲ್ ಹೇಗೂ ದಾರಿಯಲ್ಲೇ ಮುಗಿದಿರುತ್ತದೆ, ಹಿಮಾಚಲದ ಬಂಕಿನಲ್ಲಿ ಹೊಸದು ತುಂಬಿರುತ್ತೀರಿ. ಉಳಿದಿರುವುದು ಒಳಗಿನ ಹೀಟರಿಗೆಂದು ಕೂರಿಸಿದ 5–10 ಲೀಟರಿನ ಪುಟ್ಟ ಟ್ಯಾಂಕಿನಲ್ಲಿ. ಬೆಂಗಳೂರಲ್ಲಿ ತುಂಬಿಸಿದ್ದು ಹಾಗೇ ಇರುತ್ತದೆ, ನಡುರಾತ್ರಿ ಹೀಟರ್ ಆರುತ್ತದೆ. ಬೆಟ್ಟ ಹತ್ತುವ ಮುನ್ನ ಅದನ್ನು ಖಾಲಿ ಮಾಡಿ ಸ್ಥಳೀಯ ಡೀಸೆಲ್ ಹಾಕಿ. ಲಡಾಖ್‌ಗೆಂದು ಇಂಡಿಯನ್ ಆಯಿಲ್ 2019ರಲ್ಲಿ −33 ಡಿಗ್ರಿವರೆಗೆ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಸೀಮೆಎಣ್ಣೆ ಬೆರೆಸುವ ಹಳೆಯ ಉಪಾಯ ಈಗಿನ ಬಿಎಸ್6 ಪಂಪು, ಇಂಜೆಕ್ಟರುಗಳಿಗೆ ಆಗಿಬರುವುದಿಲ್ಲ.

ಎರಡು ಕಿಲೋವಾಟಿನ ಡೀಸೆಲ್ ಹೀಟರ್ ಗಂಟೆಗೆ ಕಾಲು ಲೀಟರಿಗಿಂತ ಕಡಿಮೆ ಕುಡಿಯುತ್ತದೆ, ಆ ಮಟ್ಟಿಗೆ ಲಾಭ. ಆದರೆ ಬಯಲಿನ ಗಾಳಿಗೆ ಹೊಂದಿಸಿದ ಹೀಟರಿಗೆ 3,600 ಮೀಟರ್ ಎತ್ತರದಲ್ಲಿ ಸಿಗುವ ಆಮ್ಲಜನಕ ಮೂರನೇ ಎರಡು ಪಾಲು ಮಾತ್ರ. ಡೀಸೆಲ್ ಅರೆಬೆಂದು ಮಸಿ ಕಟ್ಟುತ್ತದೆ. ಎತ್ತರಕ್ಕೆ ತಕ್ಕಂತೆ ಪಂಪಿನ ವೇಗ ತಗ್ಗಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಹೀಟರ್ ಆರಿಸುವಾಗ ಮೇನ್ ಸ್ವಿಚ್ ಎಳೆಯಬಾರದು. ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಬೇಕು, ಇಲ್ಲದಿದ್ದರೆ ಒಳಗಿನ ಭಾಗಗಳು ಕಾಯ್ದು ಹಾಳಾಗುತ್ತವೆ.

ಇನ್ನು ಬ್ಯಾಟರಿ. ಇಲ್ಲಿ ಕೆಡುವಷ್ಟು ದುಡ್ಡು ಬೇರೆಲ್ಲೂ ಕೆಡುವುದಿಲ್ಲ. ಈಗ ಎಲ್ಲರೂ ಹಾಕಿಸುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸೊನ್ನೆಗಿಂತ ಕೆಳಗೂ ವಿದ್ಯುತ್ ಕೊಡುತ್ತದೆ, ಆದರೆ ಚಾರ್ಜ್ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಲಿಥಿಯಂ ಲೋಹವಾಗಿ ಒಳಗೇ ಪದರಗಟ್ಟುತ್ತದೆ, ಹೋದ ಸಾಮರ್ಥ್ಯ ಮತ್ತೆ ಬರುವುದಿಲ್ಲ. ಬೆಳಿಗ್ಗೆ ಎಂಜಿನ್ ಶುರುವಾದ ಕೂಡಲೇ ಆಲ್ಟರ್ನೇಟರ್ ಚಾರ್ಜ್ ಮಾಡತೊಡಗುತ್ತದೆ, ಬ್ಯಾಟರಿ ಅತಿ ತಣ್ಣಗಿರುವುದೂ ಆ ಹೊತ್ತಿಗೇ. ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಆದ ಬಿಎಂಎಸ್ ಅಗ್ಗದ್ದಾದರೆ ಅದರಲ್ಲಿ ಚಳಿಗೆ ಚಾರ್ಜ್ ತಡೆಯುವ ಸೌಲಭ್ಯ ಇರುವುದಿಲ್ಲ. ಬ್ಯಾಟರಿಯನ್ನು ಗಾಡಿಯ ಅಡಿಯಲ್ಲಿ ತೂಗುಹಾಕದೆ ಒಳಗೆ, ಸೀಟಿನ ಕೆಳಗೆ ಇಡಿಸಿ.

ಅಡುಗೆಗೆ ಇಂಡಕ್ಷನ್ ಸಾಕು ಅನ್ನುವವರು ಲೆಕ್ಕ ಹಾಕಲಿ. 1,500 ವಾಟಿನ ಒಲೆ ಅರ್ಧ ಗಂಟೆ ಉರಿದರೆ ಇನ್ವರ್ಟರ್ ನಷ್ಟ ಸೇರಿ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 65 ಆಂಪಿಯರ್-ಅವರ್ ಖರ್ಚು. ಗ್ಯಾಸಿನದು ಇನ್ನೊಂದು ತಾಪತ್ರಯ. ನಮ್ಮ ಎಲ್‌ಪಿಜಿ ಬ್ಯೂಟೇನ್, ಪ್ರೊಪೇನ್‌ಗಳ ಮಿಶ್ರಣ. ಪ್ರೊಪೇನ್ −42 ಡಿಗ್ರಿಯಲ್ಲೂ ಅನಿಲವಾಗುತ್ತದೆ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲೇ ದ್ರವವಾಗಿ ಕೂರುತ್ತದೆ. ಹಾಗಾಗಿ ಮೊದಲೆರಡು ದಿನ ಪ್ರೊಪೇನ್‌ನಿಂದ ಚೆನ್ನಾಗಿ ಉರಿದ ಒಲೆ, ಸಿಲಿಂಡರ್ ಇನ್ನೂ ಭಾರವಿರುವಾಗಲೇ ಮಂಕಾಗುತ್ತದೆ. ಸಿಲಿಂಡರನ್ನು ಬೆಂಕಿಯಲ್ಲಿ ಕಾಯಿಸುವುದು ಪ್ರಾಣಕ್ಕೆ ಸಂಚಕಾರ. ಅನ್ನಕ್ಕೆ ಕುಕ್ಕರೇ ಬೇಕು, ಕಾಜಾದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ಇಟ್ಟು ಬೇಯಲಿಲ್ಲವೆಂದು ಸೋನಾ ಮಸೂರಿಯನ್ನು ಬೈದು ಫಲವಿಲ್ಲ.

ಚಳಿ ಕಾಯಿಸಲು ಗ್ಯಾಸ್ ಒಲೆಯನ್ನಾಗಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನಾಗಲಿ ವ್ಯಾನಿನೊಳಗೆ ಉರಿಸಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಅದರ ಅಲಾರಂ ಒಂದು ಇರಲೇಬೇಕು, ಅದಕ್ಕೂ ಆಯುಸ್ಸಿದೆ, ಹಿಂಬದಿಯ ದಿನಾಂಕ ನೋಡಿ. ರಾತ್ರಿ ಹಿಮ ಬಿದ್ದರೆ ಹೀಟರಿನ ಹೊಗೆಕೊಳವೆ ಮುಚ್ಚಿಹೋಗಬಹುದು, ಎದ್ದು ಗುದ್ದಲಿಯಿಂದ ಬಿಡಿಸಬೇಕು.

ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರಾವಿ ಹೊರಡುತ್ತದೆ. ನಾಲ್ವರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರು, ಬೆವರಿನಿಂದ ಸುಮಾರು ಒಂದು ಲೀಟರ್. ಇಷ್ಟೂ ತಗಡು, ಗಾಜಿಗೆ ಅಂಟಿ ಮಂಜುಗಡ್ಡೆಯಾಗುತ್ತದೆ, ಹೀಟರ್ ಹಚ್ಚಿದಾಗ ಕರಗಿ ಹಾಸಿಗೆಗೆ ತೊಟ್ಟಿಕ್ಕುತ್ತದೆ. ಸೂರಿನ ಕಿಂಡಿಯನ್ನು ಎರಡು ಬೆರಳಷ್ಟು ತೆರೆದಿಡುವುದೇ ಇದಕ್ಕೆ ಮದ್ದು. ಚಳಿ ಬರುತ್ತದೆಂದು ಅದನ್ನು ಟೇಪ್ ಹಾಕಿ ಮುಚ್ಚುವವರೇ ಹೆಚ್ಚು.

ನೀರಿನ ಪೈಪುಗಳನ್ನು ಕಾಪಾಡುವುದಕ್ಕಿಂತ ಖಾಲಿ ಮಾಡುವುದೇ ಜಾಣತನ. ಮನಾಲಿಯಲ್ಲೇ ಟ್ಯಾಂಕ್, ಗೀಸರ್ ಬಸಿದು, ಎಲ್ಲ ನಲ್ಲಿಗಳನ್ನೂ ತೆರೆದು, ಪಂಪನ್ನು ಕ್ಷಣಕಾಲ ನೀರಿಲ್ಲದೆಯೇ ಓಡಿಸಿ. ನಂತರ ಟೈರಿಗೆ ಗಾಳಿ ತುಂಬುವ ಪಂಪಿನಿಂದ 30 ಪಿಎಸ್‌ಐ ಮೀರದಂತೆ ಊದಿ. ಆಮೇಲೆ 20 ಲೀಟರಿನ ಕ್ಯಾನು, ಸಿಂಕಿನ ಕೆಳಗೊಂದು ಬಕೆಟ್ಟು, ಅಷ್ಟೇ.

ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದರೆ ಲೈನರ್ ಡ್ರಮ್ಮಿಗೆ ಹೆಪ್ಪುಗಟ್ಟಿ ಅಂಟುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರ್‌ನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಕಾರು ಓಡಿಸಿ ಅಭ್ಯಾಸವಾದವರು ಹಿಮದ ಸರಪಳಿಯನ್ನು ಮುಂದಿನ ಚಕ್ರಕ್ಕೆ ಹಾಕಿಬಿಡುತ್ತಾರೆ. ಟೆಂಪೋ ಟ್ರಾವೆಲರ್ ಮಾದರಿಯಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು, ಸರಪಳಿಯೂ ಅಲ್ಲಿಗೇ ಬೇಕು. ಹೊರಡುವ ಮುನ್ನ ಮನೆಯ ಮುಂದೆಯೇ ಎರಡು ಸಲ ಹಾಕಿ ತೆಗೆದು ನೋಡಿ, ಉಣ್ಣೆಯ ಕೈಗವಸು ತೊಟ್ಟುಕೊಂಡೇ.

– ಕ್ಯಾಂಪರ್‌ವ್ಯಾನ್ ಕಟ್ಟುವ ಕೆಲಸಗಾರರು, ಬೆಂಗಳೂರು