ಹೆಣ್ಣುಮಕ್ಕಳ ಹೆಸರನ್ನೂ ಬರೆದಿಟ್ಟವರಿಗೆ

ನಮ್ಮ ವಂಶವೃಕ್ಷದ ಗುಂಪಿನ ಎಲ್ಲರಿಗೂ ಮಂಡ್ಯದಿಂದ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಹೃದಯದ ಬೈಪಾಸ್ ಆಪರೇಷನ್ ಆಗಿ ಮೂರು ತಿಂಗಳು ಕಳೆಯಿತು. ಮೊನ್ನೆ ಮೈಸೂರಿಗೆ ಹೋಗಿ ತೋರಿಸಿಕೊಂಡು ಬಂದೆ. ಎಕೋ ಸ್ಕ್ಯಾನ್ ಚೆನ್ನಾಗಿದೆ, ಎದೆಮೂಳೆ ಕೂಡಿದೆ, ಇನ್ನು ದಿನಕ್ಕೆ ಸ್ವಲ್ಪ ಹೊತ್ತು ಹೊಲಿಗೆ ಮಿಷನ್ ಮುಂದೆ ಕೂರಬಹುದು ಅಂದರು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂತ ಶುರು ಮಾಡಿದೆ. ಇಷ್ಟು ಮನೆ ಅಂದ್ರೆ ಸುಮ್ನೆ ಮಾತಾ? ಜೊತೆಗೆ ಬಾಯಲ್ಲಿ ಹೇಳಹೊರಟರೆ ಗಂಟಲು ಕಟ್ಟುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಹೊಸದಾಗಿ ಸೇರಿದವರಿಗಾಗಿ ಸ್ವಲ್ಪ ಹಿಂದಿನದನ್ನು ಹೇಳಿಬಿಡುತ್ತೇನೆ. ಈ ಗುಂಪು ಶುರುವಾದದ್ದು ಜಮೀನಿನ ಕೆಲಸಕ್ಕೆ. ಪಾಂಡವಪುರದ ಭಾವ, ತೀರಿಹೋದ ಅವರ ತಂದೆಯ ಹೆಸರಿನ ಗದ್ದೆಗೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಬೇಕಿತ್ತು. ನಾಡಕಚೇರಿಯಲ್ಲಿ ವಂಶವೃಕ್ಷ ಕೇಳಿದರು. ಬರೆಯಲು ಕೂತರೆ, ಮುತ್ತಜ್ಜನ ಎರಡನೇ ಹೆಂಡತಿಯ ಮಕ್ಕಳು ಎಲ್ಲಿ ಹೋದರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹುಡುಕಿಕೊಂಡು ಹೊರಟರು. ಖಾತೆ ಆಯಿತು, ಹುಡುಕುವುದು ಮಾತ್ರ ನಿಲ್ಲಲಿಲ್ಲ. ಅಕ್ಕ ಈಗಲೂ ಬೈಯುತ್ತಾರೆ.

ಹುಡುಕುವುದಕ್ಕೆ ಬೇಕಾದಷ್ಟು ಇತ್ತು. ನಮ್ಮ ಮೂಲದ ಊರು ಈಗ ಕನ್ನಂಬಾಡಿ ಕಟ್ಟೆಯ ನೀರಿನೊಳಗಿದೆ. 1911ರಲ್ಲಿ ಕಟ್ಟೆ ಕೆಲಸ ಶುರುವಾಯಿತು. ಆಮೇಲೆ ಒಂದೊಂದೇ ಮನೆ ಗಂಟುಮೂಟೆ ಕಟ್ಟಿತು. ಕೆಲವರು ಕೆ.ಆರ್. ಪೇಟೆ ಕಡೆ, ಕೆಲವರು ಹುಣಸೂರು ಕಡೆ, ನಮ್ಮವರು ಮಂಡ್ಯದ ಕಡೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಎಷ್ಟೋ ವರ್ಷದ ಮೇಲೆ ಕಲ್ಲು ಬಿಡಿಸಿ ತಂದು ಹೊಸ ಜಾಗದಲ್ಲಿ ಮತ್ತೆ ಕಟ್ಟಿದರು. ಚದುರಿದ ಮನೆಗಳನ್ನು ಕೂಡಿಸುವ ಕೆಲಸ ಭಾವನ ಪಾಲಿಗೆ ಬಂತು. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅದಕ್ಕೂ ಹಿಂದಿನ ಕಾಗದದಲ್ಲೆಲ್ಲ ಮೈಸೂರು ಜಿಲ್ಲೆ ಅಂತಲೇ ಇರುತ್ತದೆ. ಹಾಗಾಗಿ ಮೈಸೂರಿನಲ್ಲಿರುವ ಹುಡುಗರೂ ಸೇರಿಕೊಂಡರು.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ನಾನು ಈವತ್ತು ಕೂತು ಬರೆಯುತ್ತಿರುವುದು ಅದರಿಂದಲೇ.

ಹಿಂದೆ ನಮ್ಮ ಮನೆಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು, ಮೂಲಪುರುಷನಿಂದ ಹಿಡಿದು ಅಂದಿನ ಗಂಡುಮಕ್ಕಳವರೆಗೆ ಹೆಸರು ಹೇಳಿ, ದವಸ ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಅವರು ಹೇಳಿದ್ದನ್ನು ನಮ್ಮ ದೊಡ್ಡಪ್ಪ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರು. ತಲೆಮಾರುಗಟ್ಟಲೆ ಹೆಸರಿದೆ. ಹುಡುಕಿದರೂ ಒಂದು ಹೆಣ್ಣಿನ ಹೆಸರಿಲ್ಲ. ಕಚೇರಿಗೆ ಕೊಟ್ಟ ನಮ್ಮ ಹಳೆಯ ವಂಶವೃಕ್ಷಗಳೂ ಅಷ್ಟೇ. 1994ರಲ್ಲಿ ನಮ್ಮ ರಾಜ್ಯದಲ್ಲಿ, 2005ರಲ್ಲಿ ದೇಶಕ್ಕೆಲ್ಲ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನು ಬಂತು. ಆಮೇಲೆ ಹೆಸರು ಬರೆದರು. ಜೊತೆಗೇ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿಯನ್ನೂ ಹಾಕಿಸಿಕೊಂಡರು. ಹೋಗಲಿ, ಆ ಮಾತು ಈಗ ಬೇಡ.

ಶ್ರೀರಂಗಪಟ್ಟಣದಲ್ಲಿ ನಾವೆಲ್ಲ ಮೊದಲ ಸಲ ಸೇರಿದಾಗ ಭಾವ ಗೋಡೆ ಉದ್ದದ ಹಾಳೆ ಬಿಡಿಸಿದರು. ಕಿರುಗಾವಲಿನ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ನೋಡಿದರು. "ನಾನು ಹೆತ್ತ ನಾಲ್ಕು ಮಕ್ಕಳು ಆಕಾಶದಿಂದ ಉದುರಿದವಾ?" ಅಂದರು. ಅವತ್ತೇ ತೀರ್ಮಾನ ಆಯಿತು. ಹೆಣ್ಣುಮಕ್ಕಳು, ಸೊಸೆಯರು, ಅವರ ತವರು, ಅವರು ಹೋಗಿ ಸೇರಿದ ಊರು, ಎಲ್ಲ ಬರೆಯುವುದು. ನಾಗಮಂಗಲದ ಕಡೆಯ ಹುಡುಗಿಯೊಬ್ಬಳು ಮೈಸೂರಿನಲ್ಲಿ ನರ್ಸ್. ಅವಳು ಇನ್ನೊಂದು ಸೇರಿಸಿದಳು: ತೀರಿಹೋದಾಗ ವಯಸ್ಸೆಷ್ಟು, ಏನಾಗಿತ್ತು. ಇದಕ್ಕೆ ಗಲಾಟೆಯೇ ಆಯಿತು. ಸತ್ತವರ ಕಾಯಿಲೆ ಕೆದಕಿದರೆ ಇರುವ ಮಕ್ಕಳ ಮದುವೆಗೆ ಅಡ್ಡ ಆಗುತ್ತದೆ ಅಂತ ದೊಡ್ಡವರು ಮುನಿಸಿಕೊಂಡರು. ಅವಳು ಬಿಡಲಿಲ್ಲ. ಬರೆಯುವ ಕೆಲಸ ನನಗೆ ಅಂಟಿತು. ಧಾತು ವರ್ಷದ ಬರ, ಪ್ಲೇಗು, ಬಾಣಂತನ, 1918ರ ಜ್ವರ, ಹೀಗೆ ಹಳೆಯವು. ಈಚಿನ ತಲೆಮಾರಿಗೆ ಬಂದರೆ "ಎದೆ ಹಿಡಿದು", "ಕೂತಲ್ಲೇ" ಅಂತ ಬರುತ್ತಿತ್ತು. ಬರೆಯುತ್ತಾ ಹೋದೆ.

ದಸರಾದಿಂದ ದೀಪಾವಳಿವರೆಗೆ ಟೈಲರುಗಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ರವಿಕೆ ರಾಶಿ ಬಿದ್ದಿತ್ತು. ಆ ಹೊತ್ತಿನಲ್ಲಿ ದವಡೆ ನೋವು ಶುರುವಾಯಿತು. ಬೆನ್ನಿನ ಎಡಗಡೆ ಏನೋ ಹಿಡಿದ ಹಾಗೆ. ಮೆಟ್ಟಿಲು ಹತ್ತಿದರೆ ಬೆವರು. ಎದೆನೋವು ಅಂತ ಇರಲೇ ಇಲ್ಲ. ಮಿಷನ್ ತುಳಿದು ತುಳಿದು ಬಂದದ್ದು ಅಂದರು ಮನೆಯಲ್ಲಿ. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟರು. ಆ ವಾರ ಹೆಸರು ಬರೆಯಲು ಆಗುವುದಿಲ್ಲ, ಸುಸ್ತು ಅಂತ ಗುಂಪಿನಲ್ಲಿ ಹಾಕಿದೆ.

ರಾತ್ರಿ ಆ ಹುಡುಗಿ ಫೋನ್ ಮಾಡಿದಳು. "ಅತ್ತೆ, ದವಡೆ ನೋವು ನಡೆದಾಗ ಜಾಸ್ತಿ ಆಗಿ, ಕೂತರೆ ಕಡಿಮೆ ಆಗುತ್ತಾ?" ಹೌದು ಅಂದೆ. ಅವಳ ಮುಂದೆ ನಾನೇ ಬರೆದ ಹಾಳೆ ಇತ್ತು. ನಮ್ಮಮ್ಮ 54ಕ್ಕೆ, ದೊಡ್ಡಮ್ಮ 58ಕ್ಕೆ, ಸೋದರಮಾವ 49ಕ್ಕೆ. ಮೂವರಿಗೂ ಎದೆ. ನಮ್ಮಪ್ಪನ ಕಡೆ ಎಲ್ಲರೂ ಎಂಬತ್ತೈದು ದಾಟಿದ ಗಟ್ಟಿಗರು. ಹಾಗಾಗಿ ಡಾಕ್ಟರ್ ಕೇಳಿದಾಗಲೆಲ್ಲ ನಮ್ಮವರು "ಇವರ ವಂಶದಲ್ಲಿ ಯಾರಿಗೂ ಹಾರ್ಟಿನ ತೊಂದರೆ ಇಲ್ಲ" ಅಂತಲೇ ಹೇಳುತ್ತಿದ್ದರು. ವಂಶ ಅಂದರೆ ಅಪ್ಪನ ಕಡೆ ಅಲ್ವಾ ನಮಗೆ? ತಂದೆಗೋ ಒಡಹುಟ್ಟಿದ ಗಂಡಸರಿಗೋ 55ಕ್ಕೆ ಮುಂಚೆ, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮುಂಚೆ ಹೃದಯದ ಕಾಯಿಲೆ ಬಂದಿದ್ದರೆ ಮಕ್ಕಳು ಎಚ್ಚರವಾಗಿರಬೇಕು ಅಂತ ಅವಳೇ ಹೇಳಿದ್ದು. ಹೆಂಗಸರಲ್ಲಿ ಎದೆ ಬಿಟ್ಟು ದವಡೆ, ಬೆನ್ನು, ಸುಸ್ತು, ವಾಕರಿಕೆ ಹೀಗೆ ಬೇರೆ ದಾರಿಯಲ್ಲೂ ಬರುತ್ತದಂತೆ. ನನಗೆ ಸಕ್ಕರೆ ಕಾಯಿಲೆ ಬೇರೆ. ಬೆಳಗಾಗುವುದನ್ನು ಕಾಯಬೇಡಿ, ಈಗಲೇ ಹೊರಡಿ ಅಂದಳು.

ಇಸಿಜಿ, ರಕ್ತ ಪರೀಕ್ಷೆ, ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆ, ಆಂಜಿಯೋಗ್ರಾಂ. ಮೂರೂ ರಕ್ತನಾಳ ಕಟ್ಟಿದ್ದವು. ಸಕ್ಕರೆ ಇರುವವರಿಗೆ ಮೂರೂ ಕಟ್ಟಿದ್ದರೆ ಸ್ಟೆಂಟ್‌ಗಿಂತ ಬೈಪಾಸ್ ಒಳ್ಳೆಯದು ಅಂದರು. ಹಾಳೆಯ ಫೋಟೋವನ್ನು ಡಾಕ್ಟರಿಗೂ ತೋರಿಸಿದೆವು. ಅವರು ಫೋನ್ ಹಿಗ್ಗಿಸಿ ಹಿಗ್ಗಿಸಿ ನೋಡಿ, ಇದನ್ನು ಬರೆದವರು ಯಾರು ಅಂತ ಕೇಳಿದರು. ನಾನೇ ಅಂತ ಕೈ ಎತ್ತಿದೆ. ಡ್ರಿಪ್ ಹಾಕಿದ್ದ ಕೈ.

ಆಪರೇಷನ್‌ಗೆ ರಕ್ತ ಬೇಕಿತ್ತು. ಯಾವ ಗುಂಪಿನದಾದರೂ ಸರಿ, ಬದಲಿಗೆ ಕೊಡಿ ಅಂದಿದ್ದರು. ಬೆಳಗಾಗುವುದರೊಳಗೆ ಹುಡುಗರು ಬಂದು ಸಾಲಾಗಿ ನಿಂತಿದ್ದರು. ಮದ್ದೂರಿನಿಂದ ಬಂದವನೊಬ್ಬ ರಕ್ತ ಕೊಟ್ಟು ಇನ್ನೂ ಮೂರು ತಿಂಗಳಾಗಿರಲಿಲ್ಲ ಅಂತ ವಾಪಸ್ ಕಳಿಸಿದರು. ಮುಖ ಊದಿಸಿಕೊಂಡು ಎಲ್ಲರಿಗೂ ಕಾಫಿ ತಂದುಕೊಟ್ಟನಂತೆ. ಅವನ ಕಾಫಿಗೂ ಇಲ್ಲೇ ಥ್ಯಾಂಕ್ಸ್. ದೊಡ್ಡಪ್ಪನ ಪುಸ್ತಕದ ಪ್ರಕಾರ ಆ ಸಾಲಿನಲ್ಲಿದ್ದ ಹೆಚ್ಚಿನವರು ನನಗೆ ಏನೂ ಆಗಬೇಕಿಲ್ಲ. ನಮ್ಮ ಅಜ್ಜಿಯ ತಂಗಿಯ ಮೊಮ್ಮಕ್ಕಳು, ಮುತ್ತಜ್ಜಿಯ ತವರಿನವರು. ಹೆಣ್ಣುಮಕ್ಕಳ ಗೆರೆಯನ್ನು ಮುಂದಕ್ಕೆ ಎಳೆದದ್ದರಿಂದ ಸಿಕ್ಕವರು.

ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ಕಾಗದಪತ್ರವನ್ನು ಮಳವಳ್ಳಿಯ ತಮ್ಮ ನೋಡಿಕೊಂಡ. ರೆಫರಲ್ ಪತ್ರ, ರೇಷನ್ ಕಾರ್ಡು, ಆಧಾರು, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಓಡಾಡಿದ. ನನ್ನವರ ಕೈಗೆ ಒಂದು ಫಾರಂ ಕೂಡ ಬರದ ಹಾಗೆ ಮಾಡಿದ. ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ.

ಆಪರೇಷನ್ ಬಗ್ಗೆ ನನಗೇನು ಗೊತ್ತು, ಮಲಗಿದ್ದೆ. ಎದೆಮೂಳೆ ಸೀಳಿ, ಕಾಲಿನಿಂದ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿದಿದ್ದಾರೆ. ಮೂಳೆಯನ್ನು ಸ್ಟೀಲ್ ತಂತಿಯಲ್ಲಿ ಬಿಗಿದಿದ್ದಾರೆ. ಆ ತಂತಿ ಒಳಗೇ ಇರುತ್ತದೆ. ಕಾಲಿನ ಹೊಲಿಗೆ ಮಾತ್ರ ಕಣ್ಣಾರೆ ನೋಡಿದೆ. ಹೊಲಿಗೆ ಹೊಟ್ಟೆಪಾಡಿನವಳು ಹೇಳುತ್ತಿದ್ದೇನೆ, ಅಷ್ಟು ಸಮನಾದ ಟಾಕು ನನ್ನಿಂದ ಆಗುವುದಿಲ್ಲ. ಹೊಲಿದ ಡಾಕ್ಟರಿಗೆ, ಐಸಿಯುನಲ್ಲಿ ರಾತ್ರಿಯಿಡೀ ನಿಂತ ನರ್ಸ್‌ಗಳಿಗೆ, ಕೇಳದೆಯೇ ನನ್ನ ತಲೆ ಬಾಚಿ ಜಡೆ ಹಾಕಿದ ಆಯಾಗೆ ಕೈಮುಗಿಯುತ್ತೇನೆ.

ಆಮೇಲಿನ ದಿನಗಳೇ ಕಷ್ಟ. ಭಾರ ಎತ್ತಬಾರದು, ಪಕ್ಕಕ್ಕೆ ತಿರುಗಿ ಮಲಗಬಾರದು, ಕೈಯೂರಿ ಏಳಬಾರದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೆಮ್ಮಬೇಕು. ಆ ದಿಂಬನ್ನು ನನ್ನ ಹತ್ತಿರ ಹೊಲಿಗೆ ಕಲಿತ ಹುಡುಗಿ ಹಳೆ ಕಾಟನ್ ಸೀರೆಯಲ್ಲಿ ಹೊಲಿದುಕೊಟ್ಟಳು. (ಅಂಚು ಸ್ವಲ್ಪ ಸೊಟ್ಟ. ಆಮೇಲೆ ಹೇಳಿಕೊಡುತ್ತೇನೆ.) ಆಸ್ಪತ್ರೆಗೆ ಹತ್ತಿರ ಇರಲಿ ಅಂತ ಸರಸ್ವತಿಪುರಂನ ಅಕ್ಕ ತಮ್ಮ ಮನೆಗೇ ಕರೆದುಕೊಂಡು ಹೋದರು. ನಮ್ಮಿಬ್ಬರ ಅಜ್ಜಿಯರು ಅಕ್ಕತಂಗಿ ಅನ್ನುವುದು ಈ ಹಾಳೆ ಆಗುವವರೆಗೆ ನಮಗೆ ಗೊತ್ತಿರಲಿಲ್ಲ. ಒಂದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಸಲ ಎದುರಾಗಿದ್ದೆವೋ ಏನೋ. ಅವರ ಮೇಲೆ ಒಂದೇ ಒಂದು ದೂರು ಇದೆ. ಉಪ್ಪು ಕಡಿಮೆ ಮಾಡಿ ಅಂದಿದ್ದಕ್ಕೆ ಉಪ್ಸಾರಿಗೂ ಉಪ್ಪು ಹಾಕಲಿಲ್ಲ. ಮುದ್ದೆಯನ್ನು ಅದರಲ್ಲಿ ಅದ್ದಿ ನುಂಗಿದ್ದು ನನ್ನ ಪುಣ್ಯ.

ಮೊದಲು ಹಾಲ್‌ನಲ್ಲಿ, ಆಮೇಲೆ ಬೀದಿ ಕೊನೆಯವರೆಗೆ, ಆಮೇಲೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಅಕ್ಕ ಪಕ್ಕದಲ್ಲೇ ನಡೆಯುತ್ತಿದ್ದರು. ಮೂರು ಚೆಂಡಿನ ಉಸಿರಿನ ಯಂತ್ರ ಇದೆಯಲ್ಲ, ಅದನ್ನು ಊದಿದರೆ ಆಗದು, ಒಳಕ್ಕೆ ಎಳೆಯಬೇಕು. ಮೊದಮೊದಲು ಒಂದು ಚೆಂಡೂ ಏಳುತ್ತಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಗುಂಪಿನ ಮಕ್ಕಳೆಲ್ಲ ಕ್ರಿಕೆಟ್ ಮ್ಯಾಚಿನ ಹಾಗೆ ಕೂಗಿ ಮೂರನೆಯದನ್ನೂ ಏಳಿಸಿದರು.

ಇನ್ನೊಂದು ವಿಷಯ ಹೇಳಲೇಬೇಕು, ಮುಂದೆ ಯಾರಿಗಾದರೂ ಬೇಕಾಗಬಹುದು. ಬೈಪಾಸ್ ಆದ ಮೇಲೆ ಸುಮ್ಮಸುಮ್ಮನೆ ಅಳು ಬರುತ್ತದೆ. ನಿದ್ದೆ ಇಲ್ಲ, ಊಟ ಸೇರದು, ಹೆಸರುಗಳು ನೆನಪಿಗೆ ಬರುವುದಿಲ್ಲ. ಬಹಳ ಜನಕ್ಕೆ ಹೀಗಾಗುತ್ತದೆ, ಬರಬರುತ್ತಾ ಹೋಗುತ್ತದೆ, ಹೋಗದಿದ್ದರೆ ಬಂದು ಹೇಳಿ ಅಂತ ಆಸ್ಪತ್ರೆಯಲ್ಲಿ ಮೊದಲೇ ತಿಳಿಸಿದ್ದರು. ತಿಳಿದಿದ್ದರೂ ಅಳು ಬರುವುದೇನು ನಿಲ್ಲಲಿಲ್ಲ. ಆಗ ಕಿರುಗಾವಲಿನ ಚಿಕ್ಕಮ್ಮ ಸಂಜೆ ಹೊತ್ತು ಫೋನ್ ಮಾಡುತ್ತಿದ್ದರು. ಹೇಗಿದ್ದೀಯ ಅಂತ ಒಂದು ಸಲವೂ ಕೇಳಲಿಲ್ಲ. "ಬರ್ಕೊ" ಅಂತ ಶುರು ಮಾಡುತ್ತಿದ್ದರು. ಯಾವ ಹೆಣ್ಣು ಯಾವ ಊರಿಗೆ ಹೋಯಿತು, ಯಾರು ಯಾರ ಜೊತೆ ಮಾತು ಬಿಟ್ಟರು, ಯಾರ ಒಡವೆ ಯಾರ ಪಾಲಾಯಿತು. ಬರೆದುಕೊಳ್ಳಬೇಕಾದ್ದು ಸ್ವಲ್ಪ, ಬರೆಯಬಾರದ್ದು ಜಾಸ್ತಿ. ಭಾವ ಹಳೆ ಮದುವೆ ಫೋಟೋಗಳನ್ನು ಕಳಿಸಿದರು. ಫೋಟೋದ ಹಿಂಬದಿಯಲ್ಲಿ, ಕುರ್ಚಿ ಮೇಲೆ ಕೂತ ಗಂಡಸರ ಹೆಸರೆಲ್ಲ ಬರೆದಿದೆ, ನಿಂತ ಹೆಂಗಸರದ್ದು ಇಲ್ಲ. ರವಿಕೆ ತೋಳಿನ ಉದ್ದ, ಪಫ್ ಕೈ, ಕತ್ತಿನ ಕಟ್ಟು ನೋಡಿ ಯಾವುದು ಹಿಂದಿನದು ಯಾವುದು ಈಚಿನದು ಅಂತ ನಾನು ಜೋಡಿಸಿಕೊಟ್ಟೆ. ಹೆಸರು ಚಿಕ್ಕಮ್ಮ ಹೇಳಿದರು. ಆ ಕೆಲಸ ಹಿಡಿದ ಮೇಲೆ ನಿದ್ದೆ ಬರತೊಡಗಿತು. ನನಗೆ ಹೊತ್ತು ಹೋಗಲಿ ಅಂತಲೇ ಕಳಿಸಿದಿರಿ ಅಂತ ಗೊತ್ತು ಭಾವ. ಆದರೂ ನಾನು ಜೋಡಿಸಿದ್ದು ಸರಿಯಾಗಿಯೇ ಇದೆ.

ನನ್ನವರು ಇದನ್ನು ಓದುವುದಿಲ್ಲ, ಆದರೂ ಬರೆಯುತ್ತೇನೆ. ಮುದ್ದೆ ತಿರುವುವುದು ಕಲಿತಿದ್ದಾರೆ. ಗಂಟು ಇರುತ್ತದೆ, ಇರಲಿ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ ಎಲ್ಲರೂ ನಮ್ಮ ಮನೆಗೇ ಬನ್ನಿ. ನಮ್ಮಮ್ಮನ ಕಡೆಯವರಲ್ಲಿ ಮೂವತ್ತು ದಾಟಿದವರು ಅಷ್ಟರೊಳಗೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ನೋಡಿಸಿಕೊಂಡಿರಬೇಕು. ಚೀಟಿ ಕೇಳುತ್ತೇನೆ. ಅಮ್ಮನ ಹೆಸರು, ಅಮ್ಮನ ಅಮ್ಮನ ಹೆಸರು, ತವರೂರು, ತೀರಿಹೋಗಿದ್ದರೆ ಆಗಿನ ವಯಸ್ಸು, ಕಾಯಿಲೆ, ಇಷ್ಟನ್ನು ಬರೆದುಕೊಂಡು ಬನ್ನಿ. ಹೆಸರು ಗೊತ್ತಿಲ್ಲದಿದ್ದರೆ ಊರಾದರೂ ಸಾಕು, ಮಿಕ್ಕಿದ್ದನ್ನು ಚಿಕ್ಕಮ್ಮ ನೋಡಿಕೊಳ್ಳುತ್ತಾರೆ. ನೀವು ಊಟ ತಂದುಕೊಟ್ಟ ಡಬ್ಬಿಗಳೆಲ್ಲ ನಮ್ಮ ಅಟ್ಟದ ಮೇಲಿವೆ, ಯಾವುದು ಯಾರದೋ ತಿಳಿಯುತ್ತಿಲ್ಲ. ನಿಮ್ಮ ನಿಮ್ಮದನ್ನು ಗುರುತು ಹಿಡಿದು ತೆಗೆದುಕೊಂಡು ಹೋಗಿ. ಖಾಲಿ ಡಬ್ಬಿ ಕೊಡುವುದಿಲ್ಲ. ನನ್ನವರು ಏನಾದರೂ ಮಾಡಿ ಹಾಕುತ್ತಾರಂತೆ. ಉಪ್ಪನ್ನು ಮಾತ್ರ ಮನೆಗೆ ಹೋಗಿ ನೀವೇ ಹಾಕಿಕೊಳ್ಳಿ.